ಬಿಡುವಿನ ಹೊತ್ತಿನ ಇಂಗ್ಲಿಷ್: ಜೋಡಿಪದಗಳನ್ನು ಬಾಯಿಗೆ ಕೂರಿಸುವ ಕ್ರಮ

ಭಾನುವಾರ ಏನು ಮಾಡಿದಿರಿ? ಇದಕ್ಕೆ ಇಂಗ್ಲಿಷ್‌ನಲ್ಲಿ ಐದು ವಾಕ್ಯ ಹೇಳಿ ಅಂದರೆ ತಡವರಿಸುವವರು ತುಂಬಾ ಜನ. ಪದ ಗೊತ್ತಿಲ್ಲ ಅಂತಲ್ಲ. ವಾಕಿಂಗ್, ಶಾಪಿಂಗ್, ಟ್ರೆಕ್ಕಿಂಗ್, ಪಾರ್ಟಿ, ಫೋಟೋ ಎಲ್ಲ ನಾವು ದಿನಾ ಆಡುವ ಮಾತುಗಳೇ. ಆದರೂ ಬಾಯಿಂದ ಬರುವುದು ‘ಐ ಡಿಡ್ ವಾಕಿಂಗ್, ಐ ಹರ್ಡ್ ಸಾಂಗ್ಸ್, ವಿ ಡಿಡ್ ಪಾರ್ಟಿ’. ನಾನು ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಪ್ರತಿ ಹೊಸ ಬ್ಯಾಚಿನಲ್ಲೂ ಇವೇ ತಪ್ಪುಗಳು ಸಿಗುತ್ತವೆ. ನೂರು ಜೋಡಿಪದಗಳ, ಅಂದರೆ ರೂಢಿಯಲ್ಲಿ ಜೊತೆಯಾಗಿಯೇ ಬರುವ ಪದಗಳ, ಪಟ್ಟಿ ಕೊಟ್ಟು ಉರು ಹೊಡೆಸಿ ನೋಡಿದೆ. ಎರಡು ವಾರ ಚೆನ್ನಾಗಿರುತ್ತೆ, ಆಮೇಲೆ ಮತ್ತೆ ‘ಡಿಡ್ ವಾಕಿಂಗ್’.

ಯಾಕೆ ಹೀಗಾಗುತ್ತೆ ಅಂತ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಕ್ರಮವೆಲ್ಲ ಇದರ ಮೇಲೇ ನಿಂತಿದೆ. ಕನ್ನಡದಲ್ಲಿ ಯಾವ ಇಂಗ್ಲಿಷ್ ಪದ ಬಂದರೂ ಅದಕ್ಕೆ ‘ಮಾಡು’ ಸೇರಿಸಿ ನಮ್ಮದಾಗಿಸಿಕೊಳ್ಳುತ್ತೇವೆ. ವಾಕಿಂಗ್ ಮಾಡಿದ್ವಿ, ಶಾಪಿಂಗ್ ಮಾಡಿದ್ವಿ, ಪಾರ್ಟಿ ಮಾಡಿದ್ವಿ, ಎಂಜಾಯ್ ಮಾಡಿದ್ವಿ. ಅಂದರೆ ಆ ಪದ ನಮ್ಮ ಬಾಯಿಗೆ ಬಂದಿರುವುದೇ ಕನ್ನಡದ ಕ್ರಿಯಾಪದದ ಕೈಹಿಡಿದುಕೊಂಡು. ಇಂಗ್ಲಿಷ್ ಮಾತಾಡುವಾಗ ‘ಮಾಡು’ ಹೋಗಿ ‘ಡೂ’ ಕೂರುತ್ತದೆ, ಅಷ್ಟೇ. ಹೊಸ ಪದ ಕಲಿಯುವುದು ಇಲ್ಲಿ ಕೆಲಸವೇ ಅಲ್ಲ. ಗೊತ್ತಿರುವ ಪದಕ್ಕೆ ಅದರ ನಿಜವಾದ ಜೊತೆಯನ್ನು ಹುಡುಕಿಕೊಡುವುದು ಕೆಲಸ.

ಜೋಡಿಪದ ಅಂದರೇನು ಅಂತ ಕನ್ನಡದಲ್ಲೇ ನೋಡಿ. ನಾವು ಕೊಳಲು ಊದುತ್ತೇವೆ, ತಬಲಾ ಬಾರಿಸುತ್ತೇವೆ, ವೀಣೆ ನುಡಿಸುತ್ತೇವೆ. ಯಾರಾದರೂ ‘ಕೊಳಲು ಆಡಿದೆ’ ಅಂದರೆ ಅರ್ಥವಾಗುತ್ತೆ, ಆದರೆ ಕಿವಿಗೆ ತಟ್ಟುತ್ತೆ ಅಲ್ವಾ? ಇಂಗ್ಲಿಷ್ ಮನೆಮಾತಿನವರಿಗೆ ‘ಡಿಡ್ ಪಾರ್ಟಿ’ ಕೇಳಿದಾಗ ಆಗುವುದೂ ಇದೇ.

## ಶುರು ಮಾಡುವ ಮುಂಚೆ: ಏನೇನು ಬೇಕು

ಒಂದು ನೂರು ಪುಟದ ಗೆರೆ ಇರುವ ನೋಟ್‌ಬುಕ್. ಎರಡು ಬಣ್ಣದ ಪೆನ್ನು, ಅದರಲ್ಲಿ ಒಂದು ಕೆಂಪು ಇರಲಿ. ಧ್ವನಿ ರೆಕಾರ್ಡ್ ಮಾಡಲು ಬರುವ ಫೋನ್. ದಿನಕ್ಕೆ 20 ನಿಮಿಷ, ಮೂರು ವಾರ.

ನಿಘಂಟು ಬೇಕು, ಆದರೆ ಇಂಗ್ಲಿಷ್-ಕನ್ನಡ ನಿಘಂಟು ಈ ಕೆಲಸಕ್ಕೆ ಸಾಲದು. ಅದು ಅರ್ಥ ಹೇಳುತ್ತೆ, ಜೊತೆ ಹೇಳುವುದಿಲ್ಲ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಾಂಗ್‌ಮನ್ ಈ ಮೂರರ ಕಲಿಯುವವರ ನಿಘಂಟುಗಳೂ ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಒಂದನ್ನು ಫೋನಿನಲ್ಲಿ ತೆರೆದಿಟ್ಟುಕೊಳ್ಳಿ. ಇದರ ಜೊತೆ ಸ್ಕೆಲ್ (SkELL) ಅನ್ನುವ ಉಚಿತ ತಾಣವೊಂದಿದೆ. ಒಂದು ಪದ ಕೊಟ್ಟರೆ ಅದರ ಜೊತೆ ಯಾವ ಯಾವ ಕ್ರಿಯಾಪದ ಬರುತ್ತೆ ಅಂತ ಸಾಲಾಗಿ ತೋರಿಸುತ್ತದೆ.

ಅನುವಾದದ ಆ್ಯಪ್ ಅನ್ನು ಈ ಮೂರು ವಾರ ಪಕ್ಕಕ್ಕಿಡಿ. ಅದು ಸಿದ್ಧ ವಾಕ್ಯ ಕೊಟ್ಟುಬಿಡುತ್ತೆ, ನಿಮ್ಮ ತಪ್ಪು ಎಲ್ಲಿತ್ತು ಅನ್ನೋದು ಮುಚ್ಚಿಹೋಗುತ್ತೆ.

## ಹಂತ 1: ನಿಮ್ಮ ವಾರವನ್ನು ಕನ್ನಡದಲ್ಲಿ ಬರೆಯಿರಿ

ಹೆಚ್ಚಿನವರು ಇಂಗ್ಲಿಷ್ ಪಟ್ಟಿಯಿಂದ ಶುರು ಮಾಡುತ್ತಾರೆ. ಆ ಪಟ್ಟಿಯಲ್ಲಿ ಸ್ಕೀಯಿಂಗ್ ಇರುತ್ತೆ, ಸರ್ಫಿಂಗ್ ಇರುತ್ತೆ, ಬೌಲಿಂಗ್ ಇರುತ್ತೆ. ನಿಮ್ಮ ಬದುಕಿನಲ್ಲಿ ಅವು ಇಲ್ಲದಿದ್ದರೆ ಕಲಿತೂ ಉಪಯೋಗವಿಲ್ಲ. ಹೇಳುವ ಸಂದರ್ಭವೇ ಬರದ ಮಾತು ನಾಲಿಗೆಯಲ್ಲಿ ನಿಲ್ಲುವುದಿಲ್ಲ.

ಹಾಗಾಗಿ ನೋಟ್‌ಬುಕ್ಕಿನ ಎಡಗಡೆ ಪುಟದಲ್ಲಿ ಕಳೆದ ವಾರ ಬಿಡುವಿನಲ್ಲಿ ಮಾಡಿದ್ದನ್ನೆಲ್ಲ ಕನ್ನಡದಲ್ಲಿ, ಮನೆಯಲ್ಲಿ ಮಾತಾಡುವ ಹಾಗೆಯೇ ಬರೆಯಿರಿ. ಪುಸ್ತಕದ ಕನ್ನಡ ಬೇಡ. ‘ಸಾಯಂಕಾಲ ವಾಯುವಿಹಾರಕ್ಕೆ ತೆರಳಿದೆನು’ ಅಂತ ಬರೆದರೆ ತಪ್ಪು ಹೊರಗೆ ಬರುವುದಿಲ್ಲ. ‘ಸಂಜೆ ವಾಕಿಂಗ್ ಮಾಡಿದೆ’ ಅಂತಲೇ ಬರೆಯಿರಿ. ಬಲಗಡೆ ಪುಟ ಖಾಲಿ ಇರಲಿ.

ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಒಬ್ಬರು ಅಕ್ಕ ನನ್ನ ಹತ್ತಿರ ಕಲಿಯಲು ಬರುತ್ತಿದ್ದರು. ಅವರ ಎಡಪುಟ ಹೀಗಿತ್ತು: ಬೆಳಿಗ್ಗೆ ರಂಗೋಲಿ ಹಾಕಿದೆ. ಗಿಡಕ್ಕೆ ನೀರು ಹಾಕಿದೆ. ಹಾಡು ಕೇಳಿದೆ. ಮಧ್ಯಾಹ್ನ ಒಂದು ಸಣ್ಣ ನಿದ್ದೆ ತೆಗೆದೆ. ಮೊಬೈಲ್ ನೋಡಿದೆ. ಪಕ್ಕದ ಮನೆಯವರ ಜೊತೆ ಹರಟೆ ಹೊಡೆದೆ. ಮಗನ ಜೊತೆ ಕೇರಂ ಆಡಿದೆ. ಏಳೇ ಸಾಲು. ಇದಕ್ಕಿಂತ ಒಳ್ಳೆಯ ಪಠ್ಯ ಬೇಕಾಗಿಲ್ಲ ಅಂತ ನನಗೆ ಅನಿಸಿತು, ಯಾಕೆಂದರೆ ಈ ಏಳರಲ್ಲಿ ಆರು ಕಡೆ ಕನ್ನಡದ ಕ್ರಿಯಾಪದ ಇಂಗ್ಲಿಷ್‌ಗೆ ಹೊಂದುವುದಿಲ್ಲ. ಹೊಂದುವುದು ಕೇರಂ ಒಂದೇ.

ನಿಮ್ಮದು 15ರಿಂದ 20 ಸಾಲು ಬಂದರೆ ಸಾಕು.

## ಹಂತ 2: ಕ್ರಿಯಾಪದಕ್ಕೆ ಕೆಂಪು ಗೆರೆ ಎಳೆಯಿರಿ

ಇದೇ ಮುಖ್ಯ ಹಂತ. ಎರಡು ಮೂರು ದಿನ ಇಲ್ಲೇ ಇರಿ.

ಪ್ರತಿ ಸಾಲಿನ ಕೊನೆಯ ಕ್ರಿಯಾಪದದ ಕೆಳಗೆ ಕೆಂಪು ಗೆರೆ ಎಳೆಯಿರಿ. ಎಳೆದ ಮೇಲೆ ನೋಡಿದರೆ ಅವೇ ಐದಾರು ಪದ ಮತ್ತೆ ಮತ್ತೆ ಬಂದಿರುತ್ತವೆ: ಮಾಡು, ಹಾಕು, ಹೊಡೆ, ಕೇಳು, ನೋಡು, ತೆಗೆ. ಈ ಆರು ಕ್ರಿಯಾಪದಗಳನ್ನು ಎಚ್ಚರಿಕೆಯ ಗಂಟೆ ಅಂತ ಇಟ್ಟುಕೊಳ್ಳಿ. ಇವು ಬಂದ ಕಡೆ ನೇರ ಅನುವಾದ ಹೆಚ್ಚಿನ ಸಲ ಕೈಕೊಡುತ್ತದೆ.

ಹೊಡೆ. ಸೈಕಲ್ ಹೊಡೆ, ಈಜು ಹೊಡೆ, ಹರಟೆ ಹೊಡೆ, ಜೋಕ್ ಹೊಡೆ, ಒಂದು ರೌಂಡ್ ಹೊಡೆ. ಕನ್ನಡದಲ್ಲಿ ಒಂದೇ ಪದ, ಇಂಗ್ಲಿಷ್‌ನಲ್ಲಿ ಐದಕ್ಕೂ ಬೇರೆ ಬೇರೆ: ‘ರೈಡ್ ಎ ಬೈಕ್’, ‘ಗೋ ಸ್ವಿಮ್ಮಿಂಗ್’, ‘ಹ್ಯಾವ್ ಎ ಚಾಟ್’, ‘ಕ್ರ್ಯಾಕ್ ಎ ಜೋಕ್’, ‘ಗೋ ಫಾರ್ ಎ ರೈಡ್’. ಅಂದಹಾಗೆ ಇಲ್ಲಿ ‘ಬೈಕ್’ ಅಂದರೆ ಸೈಕಲ್ಲೂ ಹೌದು. ನಮಗೆ ಮೋಟರ್ ಬೈಕ್ ಮಾತ್ರ ನೆನಪಾಗುತ್ತೆ.

ಹಾಕು. ‘ಪುಟ್’ ತಟ್ಟನೆ ಬಾಯಿಗೆ ಬರುತ್ತೆ. ‘ಪುಟ್ ರಂಗೋಲಿ’ ಅಲ್ಲ, ‘ಡ್ರಾ ಎ ರಂಗೋಲಿ’. ‘ಪುಟ್ ವಾಟರ್ ಟು ಪ್ಲಾಂಟ್ಸ್’ ಅಲ್ಲ, ‘ವಾಟರ್ ದ ಪ್ಲಾಂಟ್ಸ್’. ಇಲ್ಲಿ ನೀರೇ ಕ್ರಿಯಾಪದ ಆಗಿಬಿಡುತ್ತೆ, ಇದು ಗೊತ್ತಾದಾಗ ಎಷ್ಟೋ ಜನರ ಮುಖ ಅರಳಿದ್ದನ್ನು ನೋಡಿದ್ದೇನೆ. ಹಾಡು ಹಾಕು ಅನ್ನಲು ‘ಪ್ಲೇ ಎ ಸಾಂಗ್’ ಅಥವಾ ‘ಪುಟ್ ಆನ್ ಸಮ್ ಮ್ಯೂಸಿಕ್’. ‘ಆನ್’ ಬಿಟ್ಟರೆ ಕೆಟ್ಟಿತು. ಫೋಟೋ ಹಾಕಿದೆ ಅನ್ನಲು ‘ಪೋಸ್ಟೆಡ್ ಎ ಫೋಟೋ’. ಟೆಂಟ್ ಹಾಕಿದೆವು ಅನ್ನಲು ‘ಪುಟ್ ಅಪ್ ಎ ಟೆಂಟ್’ ಇಲ್ಲವೇ ‘ಪಿಚ್ಡ್ ಎ ಟೆಂಟ್’.

ಕೇಳು. ಕನ್ನಡದ ಒಂದು ‘ಕೇಳು’ ಇಂಗ್ಲಿಷ್‌ನಲ್ಲಿ ಮೂರು: ಪ್ರಶ್ನೆ ಕೇಳಿದರೆ ‘ಆಸ್ಕ್’, ಕಿವಿಗೆ ತಾನಾಗಿ ಬಿದ್ದರೆ ‘ಹಿಯರ್’, ಮನಸ್ಸಿಟ್ಟು ಕೇಳಿದರೆ ‘ಲಿಸನ್ ಟು’. ಬಿಡುವಿನಲ್ಲಿ ಹಾಡು ಕೇಳುವುದು ಯಾವಾಗಲೂ ‘ಲಿಸನ್ ಟು ಮ್ಯೂಸಿಕ್’. ಎರಡು ಕಡೆ ಎಡವುತ್ತಾರೆ. ಕೆಲವರು ‘ಹಿಯರ್ ಸಾಂಗ್ಸ್’ ಅನ್ನುತ್ತಾರೆ, ಇನ್ನು ಕೆಲವರು ‘ಲಿಸನ್’ ಹಿಡಿದು ‘ಟು’ ಬಿಡುತ್ತಾರೆ. ‘ಟು’ ಅನ್ನು ಬೇರೆ ಪದ ಅಂತ ನೋಡಬೇಡಿ. ‘ಲಿಸನ್‌ಟು’ ಅಂತ ಅಂಟಿಸಿಯೇ ಕಲಿಯಿರಿ.

ನೋಡು. ‘ಸೀ ಟಿವಿ’ ಅನ್ನಬಾರದು, ‘ವಾಚ್ ಟಿವಿ’. ಮ್ಯಾಚ್ ಕೂಡ ‘ವಾಚ್’. ಥಿಯೇಟರಿಗೆ ಹೋಗಿ ನೋಡಿದ ಸಿನಿಮಾಕ್ಕೆ ‘ಸೀ’, ‘ವಾಚ್’ ಎರಡೂ ನಡೆಯುತ್ತೆ, ಮನೆಯಲ್ಲಿ ನೋಡಿದ್ದಕ್ಕೆ ‘ವಾಚ್’. ಮೊಬೈಲ್ ನೋಡುತ್ತಾ ಕೂತಿದ್ದೆ ಅನ್ನುವುದನ್ನು ‘ಸೀಯಿಂಗ್ ಮೊಬೈಲ್’ ಅಂತ ಹೇಳುವವರೇ ಜಾಸ್ತಿ. ‘ಐ ವಾಸ್ ಆನ್ ಮೈ ಫೋನ್’ ಅಥವಾ ‘ಸ್ಕ್ರೋಲಿಂಗ್ ಥ್ರೂ ಮೈ ಫೋನ್’ ಅನ್ನಿ.

ತೆಗೆ. ಫೋಟೋ ತೆಗೆ ಅಂದಾಗ ‘ಟೇಕ್ ಎ ಫೋಟೋ’ ಸರಿಯಾಗಿಯೇ ಬರುತ್ತೆ. ಅದೇ ಧೈರ್ಯದಲ್ಲಿ ‘ರಿಮೂವ್ ಎ ಫೋಟೋ’ ಅಂದವರೂ ಇದ್ದಾರೆ, ಅರ್ಥ ಪೂರ್ತಿ ಉಲ್ಟಾ. ಯಾವುದರ ಫೋಟೋ ಅಂತ ಹೇಳಲು ‘ಆಫ್’ (of) ಬರುತ್ತೆ: ‘ಟುಕ್ ಎ ಫೋಟೋ ಆಫ್ ದ ಲೇಕ್’.

ಮಾಡು. ಇದಕ್ಕೆ ಒಂದು ಇಡೀ ಹಂತ ಬೇಕು, ಮುಂದೆ ಬರುತ್ತೆ.

ಇನ್ನೊಂದು ಮಾತು. ಕೆಲವು ಸಾಲುಗಳು ಎರಡೂ ಭಾಷೆಯಲ್ಲಿ ಒಂದೇ ತರ ಇರುತ್ತವೆ. ಪುಸ್ತಕ ಓದು, ‘ರೀಡ್ ಎ ಬುಕ್’. ಹಾಡು ಹಾಡು, ‘ಸಿಂಗ್ ಎ ಸಾಂಗ್’. ಕ್ರಿಕೆಟ್ ಆಡು, ‘ಪ್ಲೇ ಕ್ರಿಕೆಟ್’. ಗಾಳಿಪಟ ಹಾರಿಸು, ‘ಫ್ಲೈ ಎ ಕೈಟ್’. ಇವಕ್ಕೆ ಟಿಕ್ ಹಾಕಿ ಮುಂದೆ ಹೋಗಿ. ತಾನಾಗಿ ಬರುವುದನ್ನು ಉರು ಹೊಡೆಯುವುದರಲ್ಲಿ ಸಮಯ ಕಳೆಯಬೇಡಿ.

## ಹಂತ 3: ‘ಮಾಡು’ವನ್ನು ಗೋ, ಪ್ಲೇ, ಡೂ ಅಂತ ಒಡೆಯಿರಿ

ಬಲಪುಟದಲ್ಲಿ ಮೂರು ಕಂಬ ಎಳೆಯಿರಿ. ನಿಮ್ಮ ಪಟ್ಟಿಯ ‘ಮಾಡು’ ಸಾಲುಗಳನ್ನು ಒಂದೊಂದಾಗಿ ಇವುಗಳಲ್ಲಿ ಹಂಚಬೇಕು.

ಗೋ: ಮನೆಯಿಂದ ಹೊರಟು, ಓಡಾಡುತ್ತಾ ಮಾಡುವಂಥದ್ದು, ಹೆಸರಿನ ಕೊನೆಯಲ್ಲಿ ‘ಇಂಗ್’ ಇರುವಂಥದ್ದು. ಗೋ ಸ್ವಿಮ್ಮಿಂಗ್, ಗೋ ಟ್ರೆಕ್ಕಿಂಗ್, ಗೋ ಶಾಪಿಂಗ್, ಗೋ ಜಾಗಿಂಗ್, ಗೋ ಸೈಕ್ಲಿಂಗ್, ಗೋ ಫಿಶಿಂಗ್, ಗೋ ಕ್ಯಾಂಪಿಂಗ್, ಗೋ ಸೈಟ್‌ಸೀಯಿಂಗ್. ಮಧ್ಯದಲ್ಲಿ ‘ಟು’ ಇಲ್ಲ, ‘ಫಾರ್’ ಇಲ್ಲ. ‘ಗೋ ಟು ಸ್ವಿಮ್ಮಿಂಗ್’ ಅನ್ನುವುದು ನಮ್ಮಲ್ಲಿ ಬಹಳ ಸಾಮಾನ್ಯವಾದ ತಪ್ಪು.

ಪ್ಲೇ: ಸೋಲು ಗೆಲುವು ಇರುವ ಆಟಗಳು ಮತ್ತು ಸಂಗೀತ ವಾದ್ಯಗಳು. ಪ್ಲೇ ಕಬಡ್ಡಿ, ಪ್ಲೇ ಚೆಸ್, ಪ್ಲೇ ಕೇರಂ, ಪ್ಲೇ ಕಾರ್ಡ್ಸ್. ಇಸ್ಪೀಟು ಆಡುವುದಕ್ಕೆ ‘ಕಾರ್ಡ್ಸ್’ ಅಂತ ಬಹುವಚನವೇ ಬೇಕು. ನಮ್ಮ ಊದು, ಬಾರಿಸು, ನುಡಿಸು ಮೂರಕ್ಕೂ ಇಂಗ್ಲಿಷ್‌ನಲ್ಲಿ ಒಂದೇ ‘ಪ್ಲೇ’: ಪ್ಲೇ ದ ಫ್ಲೂಟ್, ಪ್ಲೇ ದ ಮೃದಂಗ, ಪ್ಲೇ ದ ವೀಣೆ. ಇಲ್ಲಿ ಕನ್ನಡ ಶ್ರೀಮಂತ, ಇಂಗ್ಲಿಷ್ ಸರಳ. ವಾದ್ಯದ ಮುಂದೆ ‘ದ’ ಇಡಿ, ಆಟದ ಮುಂದೆ ಇಡಬೇಡಿ. ಅಮೆರಿಕದಲ್ಲಿ ‘ಪ್ಲೇ ಗಿಟಾರ್’ ಅಂತ ‘ದ’ ಇಲ್ಲದೆಯೂ ಹೇಳುತ್ತಾರೆ, ಆದರೆ ‘ಪ್ಲೇ ದ ಕ್ರಿಕೆಟ್’ ಎಲ್ಲೂ ಇಲ್ಲ.

ಡೂ: ಉಳಿದದ್ದು. ಆಟವೂ ಅಲ್ಲದ, ಹೊರಗೆ ಸುತ್ತಾಟವೂ ಅಲ್ಲದ ಅಭ್ಯಾಸಗಳು. ಡೂ ಯೋಗ, ಡೂ ಕರಾಟೆ, ಡೂ ಏರೋಬಿಕ್ಸ್, ಡೂ ಎ ಕ್ರಾಸ್‌ವರ್ಡ್, ಡೂ ಎ ಜಿಗ್ಸಾ, ಡೂ ಸಮ್ ಗಾರ್ಡನಿಂಗ್. ‘ಪ್ಲೇ ಯೋಗ’, ‘ಪ್ಲೇ ಕರಾಟೆ’ ಎರಡೂ ತಪ್ಪು.

ಈ ಮೂರು ಕಂಬದ ಲೆಕ್ಕ ಸುಲಭ ಅನಿಸುತ್ತೆ, ಅಪಾಯ ಇರುವುದು ಇದನ್ನು ಕಣ್ಣುಮುಚ್ಚಿ ನಂಬುವುದರಲ್ಲಿ. ‘ಇಂಗ್’ ಇದೆ ಅಂತ ‘ಗೋ ರೀಡಿಂಗ್’, ‘ಗೋ ಕುಕಿಂಗ್’ ಅನ್ನುವವರು ಸಿಗುತ್ತಾರೆ. ಕೂತಲ್ಲೇ ಮಾಡುವ ಕೆಲಸಕ್ಕೆ ‘ಗೋ’ ಬರಲ್ಲ. ಅದಕ್ಕೆ ಸುಮ್ನೆ ‘ಐ ರೀಡ್ ಎ ಲಾಟ್’, ‘ಐ ಕುಕ್’ ಅನ್ನಿ. ಇಂಗ್ಲಿಷ್‌ನಲ್ಲಿ ಕ್ರಿಯಾಪದ ಒಂದೇ ನಿಲ್ಲಬಲ್ಲದು, ಅದಕ್ಕೆ ಯಾವಾಗಲೂ ‘ಮಾಡು’ವಿನ ಊರುಗೋಲು ಬೇಕಿಲ್ಲ.

ಶಾಪಿಂಗ್ ಬಗ್ಗೆ ಒಂದು ಪ್ರಶ್ನೆ ಯಾವಾಗಲೂ ಬರುತ್ತೆ. ‘ಗೋ ಶಾಪಿಂಗ್’ ಅಂದರೆ ಬಟ್ಟೆಬರೆ ನೋಡಿಕೊಂಡು ಸುತ್ತಾಡುವುದು. ‘ಡೂ ದ ಶಾಪಿಂಗ್’ ಅಂದರೆ ಮನೆಗೆ ದಿನಸಿ, ತರಕಾರಿ ತರುವ ಕೆಲಸ. ಎರಡೂ ಸರಿ, ಆದರೆ ಮಾತು ಬೇರೆ. ಹಾಗೆಯೇ ‘ಸಮ್’ ಅಥವಾ ‘ಎ ಬಿಟ್ ಆಫ್’ ಸೇರಿಸಿದರೆ ‘ಡೂ’ಗೆ ಜಾಗ ಸಿಗುತ್ತದೆ: ‘ಐ ಡಿಡ್ ಎ ಬಿಟ್ ಆಫ್ ವಾಕಿಂಗ್’ ಸರಿ, ಬರೀ ‘ಐ ಡಿಡ್ ವಾಕಿಂಗ್’ ಸರಿಯಿಲ್ಲ.

ಇನ್ನು ವಾಕಿಂಗ್. ಸಂಜೆಯ ವಾಕಿಂಗಿಗೆ ‘ಗೋ ಫಾರ್ ಎ ವಾಕ್’. ಇದೇ ಅಚ್ಚಿನಲ್ಲಿ ಗೋ ಫಾರ್ ಎ ರನ್, ಗೋ ಫಾರ್ ಎ ಸ್ವಿಮ್, ಗೋ ಫಾರ್ ಎ ಡ್ರೈವ್, ಗೋ ಫಾರ್ ಎ ಕಾಫಿ. ಮೊದಲೇ ಗೊತ್ತುಮಾಡಿಕೊಂಡ ಪ್ರಯಾಣ ಆದರೆ ‘ಫಾರ್’ ಬದಲು ‘ಆನ್’: ಗೋ ಆನ್ ಎ ಟ್ರಿಪ್, ಗೋ ಆನ್ ಎ ಟ್ರೆಕ್, ಗೋ ಆನ್ ಎ ಟೂರ್. ‘ಗೋ ಫಾರ್ ಎ ಟ್ರಿಪ್’ ಅನ್ನುವುದನ್ನು ಇವತ್ತೇ ಬಿಡಿ.

## ಹಂತ 4: ಹ್ಯಾವ್ ಮತ್ತು ಟೇಕ್

ಇವೆರಡೂ ನಮ್ಮವರ ಬಾಯಲ್ಲಿ ಕಡಿಮೆ. ‘ಹ್ಯಾವ್’ ಅಂದರೆ ‘ಇದೆ’ ಅಂತ ಮಾತ್ರ ಕಲಿತಿರುತ್ತೇವೆ. ಜೊತೆಗೂಡಿ ಖುಷಿಪಡುವ ವಿಷಯಕ್ಕೆಲ್ಲ ಇಂಗ್ಲಿಷ್‌ನಲ್ಲಿ ‘ಹ್ಯಾವ್’ ಬರುತ್ತದೆ: ಹ್ಯಾವ್ ಎ ಪಾರ್ಟಿ, ಹ್ಯಾವ್ ಎ ಪಿಕ್‌ನಿಕ್, ಹ್ಯಾವ್ ಎ ಚಾಟ್, ಹ್ಯಾವ್ ಎ ಗುಡ್ ಟೈಮ್, ಹ್ಯಾವ್ ಎ ಗೇಮ್ ಆಫ್ ಕೇರಂ. ‘ಹ್ಯಾವ್ ಫನ್’ ಅನ್ನುವಾಗ ‘ಎ’ ಬೇಡ.

‘ಟೇಕ್’ ಬರುವ ಕಡೆ: ಟೇಕ್ ಎ ಫೋಟೋ, ಟೇಕ್ ಎ ಸೆಲ್ಫಿ, ಟೇಕ್ ಎ ಡೇ ಆಫ್ (off), ಟೇಕ್ ಸ್ವಿಮ್ಮಿಂಗ್ ಲೆಸನ್ಸ್. ಹೊಸ ಹವ್ಯಾಸ ಶುರು ಮಾಡಿದೆ ಅನ್ನಲು ‘ಟುಕ್ ಅಪ್’: ‘ಐ ಟುಕ್ ಅಪ್ ಪೇಂಟಿಂಗ್’. ಇದು ಚಿಕ್ಕ ಮಾತು, ಆದರೆ ಸಂದರ್ಶನದಲ್ಲಿ ‘ಸ್ಟಾರ್ಟೆಡ್ ಹಾಬಿ’ ಅನ್ನುವುದಕ್ಕಿಂತ ಎಷ್ಟೋ ವಾಸಿ.

ಬ್ರೇಕ್, ನಿದ್ದೆಯ ‘ನ್ಯಾಪ್’, ಸ್ನಾನದ ‘ಶವರ್’ ಇವುಗಳಿಗೆ ಬ್ರಿಟನ್ನಿನವರು ‘ಹ್ಯಾವ್’ ಹೆಚ್ಚು ಬಳಸುತ್ತಾರೆ, ಅಮೆರಿಕದವರು ‘ಟೇಕ್’. ಯಾವುದಾದರೂ ಒಂದು ಹಿಡಿದುಕೊಳ್ಳಿ, ಇನ್ನೊಂದು ಕೇಳಿದರೆ ಗಾಬರಿ ಬೇಡ. ‘ಟೇಕ್ ರೆಸ್ಟ್’ ನಮ್ಮ ದೇಶದಲ್ಲಿ ಎಲ್ಲರಿಗೂ ಅರ್ಥವಾಗುವ ಮಾತು, ಮನೆಯಲ್ಲಿ ಹೇಳಿ ತೊಂದರೆಯಿಲ್ಲ. ಹೊರದೇಶದವರ ಜೊತೆ ಅಥವಾ ಪರೀಕ್ಷೆಯಲ್ಲಿ ‘ಗೆಟ್ ಸಮ್ ರೆಸ್ಟ್’ ಅನ್ನಿ.

ಇಲ್ಲೇ ‘ಎಂಜಾಯ್’ ಬಗ್ಗೆಯೂ ಹೇಳಬೇಕು. ಕನ್ನಡದಲ್ಲಿ ‘ಚೆನ್ನಾಗಿ ಎಂಜಾಯ್ ಮಾಡಿದ್ವಿ’ ಅಂದರೆ ವಾಕ್ಯ ಮುಗಿಯಿತು. ಇಂಗ್ಲಿಷ್‌ನಲ್ಲಿ ‘ವಿ ಎಂಜಾಯ್ಡ್’ ಅಂತ ನಿಲ್ಲಿಸಿದರೆ ಕೇಳುವವರು ಕಾಯುತ್ತಾರೆ, ಏನನ್ನು ಅಂತ. ‘ವಿ ಎಂಜಾಯ್ಡ್ ದ ಟ್ರಿಪ್’ ಅನ್ನಿ, ‘ವಿ ಎಂಜಾಯ್ಡ್ ಅವರ್‌ಸೆಲ್ವ್ಸ್’ ಅನ್ನಿ, ಇಲ್ಲ ‘ವಿ ಹ್ಯಾಡ್ ಎ ಗ್ರೇಟ್ ಟೈಮ್’ ಅನ್ನಿ. ಮತ್ತೆ ‘ಎಂಜಾಯ್ ಟು ವಾಕ್’ ಇಲ್ಲ, ‘ಎಂಜಾಯ್ ವಾಕಿಂಗ್’.

## ಹಂತ 5: ‘ಗೆ’, ‘ಅಲ್ಲಿ’ ತರುವ ತೊಡಕು

ಕ್ರಿಯಾಪದ ಸರಿಹೋದ ಮೇಲೆ ಸಣ್ಣ ಪದಗಳ ಸರದಿ. ಇದನ್ನು ಮೊದಲೇ ಮಾಡಲು ಹೋಗಬೇಡಿ, ತಲೆ ಕೆಡುತ್ತೆ.

ನಾವು ‘ಕೆರೆಗೆ ಈಜೋಕೆ ಹೋದೆ’ ಅನ್ನುತ್ತೇವೆ. ಆ ‘ಗೆ’ ಇಂಗ್ಲಿಷ್‌ನಲ್ಲಿ ‘ಟು’ ಆಗಿ ‘ವೆಂಟ್ ಸ್ವಿಮ್ಮಿಂಗ್ ಟು ದ ಲೇಕ್’ ಅಂತ ಹೊರಬರುತ್ತದೆ. ಆದರೆ ಈಜುವುದು ಕೆರೆಯಲ್ಲಿ. ಹಾಗಾಗಿ ‘ವೆಂಟ್ ಸ್ವಿಮ್ಮಿಂಗ್ ಇನ್ ದ ಲೇಕ್’. ಕುದುರೆಮುಖಕ್ಕೆ ಟ್ರೆಕ್ಕಿಂಗ್ ಹೋದೆವು ಅನ್ನುವುದು ‘ವೆಂಟ್ ಟ್ರೆಕ್ಕಿಂಗ್ ಇನ್ ಕುದುರೆಮುಖ’. ಮಾಲ್‌ಗೆ ಶಾಪಿಂಗ್ ಹೋದೆ ಅನ್ನುವುದು ‘ವೆಂಟ್ ಶಾಪಿಂಗ್ ಅಟ್ ದ ಮಾಲ್’. ಕಬ್ಬನ್ ಪಾರ್ಕಿಗೆ ವಾಕಿಂಗ್ ಹೋದೆ ಅಂದರೆ ‘ವೆಂಟ್ ಫಾರ್ ಎ ವಾಕ್ ಇನ್ ಕಬ್ಬನ್ ಪಾರ್ಕ್’. ಒಂದು ಉಪಾಯ ಹೇಳುತ್ತೇನೆ: ಆ ಕೆಲಸ ಎಲ್ಲಿ ನಡೆಯುತ್ತೆ ಅಂತ ಕನ್ನಡದಲ್ಲೇ ಕೇಳಿಕೊಳ್ಳಿ. ಉತ್ತರ ‘ಕೆರೆಯಲ್ಲಿ’ ಅಂತ ಬಂದರೆ ‘ಟು’ ಬಿಟ್ಟುಬಿಡಿ.

ಇನ್ನೊಂದು ಕಡೆ ‘ಅಲ್ಲಿ’ಯೇ ಮೋಸ ಮಾಡುತ್ತೆ. ಟಿವಿಯಲ್ಲಿ, ಫೋನಿನಲ್ಲಿ, ಯೂಟ್ಯೂಬಿನಲ್ಲಿ, ರೇಡಿಯೋದಲ್ಲಿ ಎಲ್ಲಕ್ಕೂ ‘ಇನ್’ ಬಂದುಬಿಡುತ್ತದೆ. ನಾಲ್ಕಕ್ಕೂ ‘ಆನ್’: ಆನ್ ಟಿವಿ, ಆನ್ ಮೈ ಫೋನ್, ಆನ್ ಯೂಟ್ಯೂಬ್, ಆನ್ ದ ರೇಡಿಯೋ. ಚೆಸ್‌ನಲ್ಲಿ ಜಾಣ ಅನ್ನಲು ‘ಗುಡ್ ಇನ್’ ಅಲ್ಲ, ‘ಗುಡ್ ಅಟ್ ಚೆಸ್’.

ಬಿಟ್ಟುಹೋಗುವ ‘ಎ’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬರೆಯುವಾಗ ‘ವಾಕ್’ ಅಂತ ಒಂದೇ ಪದ ಬರೆಯಬೇಡಿ, ‘ಗೋ ಫಾರ್ ಎ ವಾಕ್’ ಅಂತ ನಾಲ್ಕೂ ಸೇರಿಸಿ ಬರೆಯಿರಿ. ನೋಟ್‌ಬುಕ್ಕಿನಲ್ಲಿ ಒಂಟಿ ಪದ ಇರಲೇಕೂಡದು.

## ಹಂತ 6: ಅನುಮಾನ ಬಂದದ್ದನ್ನು ಪರೀಕ್ಷಿಸಿ

ನಿಮ್ಮ ಬಲಪುಟ ಈಗ ಹೆಚ್ಚುಕಡಿಮೆ ತುಂಬಿದೆ. ಗಟ್ಟಿಯಾಗಿ ಗೊತ್ತಿಲ್ಲದ ಸಾಲುಗಳಿಗೆ ಪ್ರಶ್ನೆ ಚಿಹ್ನೆ ಹಾಕಿ ನಿಘಂಟು ತೆರೆಯಿರಿ.

ಹುಡುಕಬೇಕಾದದ್ದು ಕ್ರಿಯಾಪದವನ್ನಲ್ಲ, ಹೆಸರನ್ನು. ಪಾರ್ಟಿಗೆ ಜೊತೆ ಬೇಕಿದ್ದರೆ ‘ಪಾರ್ಟಿ’ ಅಂತ ಹುಡುಕಿ. ‘ಹ್ಯಾವ್’ ಅಂತ ಹುಡುಕಿದರೆ ಪುಟಗಟ್ಟಲೆ ಬಂದು ಕೈಬಿಡುತ್ತೀರಿ. ಅರ್ಥವನ್ನು ಓದಬೇಡಿ, ಅದು ಗೊತ್ತೇ ಇದೆ. ಉದಾಹರಣೆ ವಾಕ್ಯಗಳನ್ನು ಓದಿ, ಪದದ ಹಿಂದೆ ಯಾವ ಕ್ರಿಯಾಪದ ನಿಂತಿದೆ ನೋಡಿ. ಎರಡು ಮೂರು ವಾಕ್ಯದಲ್ಲಿ ಒಂದೇ ಕ್ರಿಯಾಪದ ಕಂಡರೆ ಅದನ್ನೇ ಬರೆದುಕೊಳ್ಳಿ. ಸ್ಕೆಲ್‌ನಲ್ಲೂ ಹೀಗೆಯೇ.

ಗೂಗಲ್‌ನಲ್ಲಿ ಹುಡುಕಿ ‘ತುಂಬಾ ಕಡೆ ಇದೆ, ಆದ್ದರಿಂದ ಸರಿ’ ಅಂತ ತೀರ್ಮಾನಿಸುವವರಿದ್ದಾರೆ. ಇದು ಕೈಕೊಡುವ ದಾರಿ. ನಮ್ಮ ಹಾಗೆಯೇ ತಪ್ಪು ಮಾಡುವವರು ಬರೆದ ಪುಟಗಳೂ ಅಲ್ಲಿ ಬೇಕಾದಷ್ಟಿವೆ.

## ಹಂತ 7: ಬರೆದದ್ದನ್ನು ಬಾಯಿಗೆ ತನ್ನಿ

ನೋಟ್‌ಬುಕ್ ಚೆನ್ನಾಗಿದೆ, ಮಾತು ಮಾತ್ರ ಹಾಗೇ ಇದೆ. ಅರ್ಧಕ್ಕರ್ಧ ಜನ ನಿಲ್ಲುವುದು ಇಲ್ಲೇ.

ಎಡಪುಟದ ಕನ್ನಡ ಸಾಲು ಮಾತ್ರ ಕಾಣುವ ಹಾಗೆ ಬಲಪುಟವನ್ನು ಕೈಯಿಂದ ಮುಚ್ಚಿ. ಸಾಲನ್ನು ಓದಿ, ಇಂಗ್ಲಿಷ್ ಜೋಡಿಯನ್ನು ಜೋರಾಗಿ ಹೇಳಿ, ಕೈ ತೆಗೆದು ನೋಡಿ. ಮನಸ್ಸಿನಲ್ಲಿ ಹೇಳಿಕೊಂಡರೆ ಲೆಕ್ಕಕ್ಕಿಲ್ಲ, ನಾಲಿಗೆ ತಿರುಗಬೇಕು. ದಿನಕ್ಕೆ ಐದು ಹೊಸದು ಸಾಕು. ಬರೆದ ಮಾರನೆ ದಿನ, ಮೂರನೇ ದಿನ, ಏಳನೇ ದಿನ, ಮತ್ತೆ ಎರಡು ವಾರಕ್ಕೆ ಹೀಗೆ ತಿರುಗಿ ಬನ್ನಿ. ಒಂದೇ ಕೂತಲ್ಲಿ ಐವತ್ತು ಸಲ ಹೇಳುವುದಕ್ಕಿಂತ ಇದು ಚೆನ್ನಾಗಿ ಉಳಿಯುತ್ತದೆ. ಫೋನಿನಲ್ಲಿ ಮಾಡುವ ಆಸೆ ಇದ್ದರೆ, ಕಾರ್ಡುಗಳನ್ನು ಹೀಗೇ ದಿನ ಬಿಟ್ಟು ಮತ್ತೆ ತೋರಿಸುವ ಆಂಕಿ (Anki) ಅನ್ನುವ ಆ್ಯಪ್ ಇದೆ, ಆ್ಯಂಡ್ರಾಯ್ಡ್‌ನಲ್ಲಿ ಉಚಿತ. ಕಾರ್ಡಿನ ಮುಂಬದಿಯಲ್ಲಿ ಕನ್ನಡದ ಇಡೀ ವಾಕ್ಯ, ಹಿಂಬದಿಯಲ್ಲಿ ಇಂಗ್ಲಿಷ್‌ನ ಇಡೀ ವಾಕ್ಯ ಹಾಕಿ.

ಜೋಡಿಗಳನ್ನು ಕಲಿತಾದ ಮೇಲೆ ಭೂತಕಾಲಕ್ಕೆ ತಿರುಗಿಸಿ, ಯಾಕೆಂದರೆ ಬಿಡುವಿನ ಮಾತು ಹೆಚ್ಚಾಗಿ ‘ಹೋಗಿದ್ದೆ, ಮಾಡಿದೆ’ ಅಂತಲೇ ಇರುತ್ತೆ. ಗೋ ಸ್ವಿಮ್ಮಿಂಗ್, ವೆಂಟ್ ಸ್ವಿಮ್ಮಿಂಗ್. ಹ್ಯಾವ್ ಎ ಚಾಟ್, ಹ್ಯಾಡ್ ಎ ಚಾಟ್. ರೈಡ್, ರೋಡ್. ಫ್ಲೈ, ಫ್ಲೂ. ಡ್ರಾ, ಡ್ರೂ. ಬದಲಾಗುವುದು ಮೊದಲ ಪದ ಮಾತ್ರ, ಹಿಂದಿನದು ಅಲುಗಾಡುವುದಿಲ್ಲ. ‘ವೆಂಟ್ ಸ್ವಾಮ್’ ಅಂತ ಎರಡನ್ನೂ ತಿರುಗಿಸುವವರು ಇದನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ನಡುವೆ ಒಂದು ಗುಣವಾಚಕ ತುರುಕಿ ನೋಡಿ: ಗೋ ಫಾರ್ ಎ ಲಾಂಗ್ ವಾಕ್, ಟೇಕ್ ಎ ಶಾರ್ಟ್ ಬ್ರೇಕ್, ಹ್ಯಾವ್ ಎ ಕ್ವೈಟ್ ಈವ್ನಿಂಗ್. ಅಭಿಮಾನಿ ಅನ್ನಲು ‘ಬಿಗ್ ಫ್ಯಾನ್’, ತುಂಬಾ ಓದುವವರಿಗೆ ‘ಅವಿಡ್ ರೀಡರ್’. ‘ಸ್ಟ್ರಾಂಗ್ ಫ್ಯಾನ್’ ಅನ್ನುವುದು ಇಲ್ಲ.

ವಾರಕ್ಕೊಮ್ಮೆ, ಭಾನುವಾರ ರಾತ್ರಿ, ನೋಟ್‌ಬುಕ್ ಮುಚ್ಚಿ ಎರಡು ನಿಮಿಷ ಆ ದಿನದ ಬಗ್ಗೆ ಇಂಗ್ಲಿಷ್‌ನಲ್ಲಿ ಮಾತಾಡಿ ರೆಕಾರ್ಡ್ ಮಾಡಿ. ಅದನ್ನು ಮಾರನೆ ದಿನ ಕೇಳಿ. ತಕ್ಷಣ ಕೇಳಿದರೆ ನಿಮ್ಮ ತಪ್ಪು ನಿಮಗೇ ಸರಿ ಅನಿಸುತ್ತೆ. ಐಇಎಲ್‌ಟಿಎಸ್ (ಹೊರದೇಶದಲ್ಲಿ ಓದಲು, ಕೆಲಸಕ್ಕೆ ಹೋಗಲು ಕೇಳುವ ಇಂಗ್ಲಿಷ್ ಪರೀಕ್ಷೆ) ಬರೆಯುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಅದರ ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ಮೊದಲ ನಾಲ್ಕೈದು ನಿಮಿಷ ಮನೆ, ಕೆಲಸ, ಆಸಕ್ತಿಗಳಂಥ ಪರಿಚಿತ ವಿಷಯಗಳನ್ನೇ ಕೇಳುತ್ತಾರೆ. ಅಂಕ ಹಾಕುವ ನಾಲ್ಕು ಅಳತೆಗಳಲ್ಲಿ ಪದಬಳಕೆಯೂ ಒಂದು.

## ದಾರಿ ತಪ್ಪುತ್ತಿದೆ ಅನ್ನುವ ಸೂಚನೆಗಳು

ರೆಕಾರ್ಡಿಂಗ್ ಕೇಳುವಾಗ ಇವನ್ನು ಗಮನಿಸಿ.

ಐದು ವಾಕ್ಯದಲ್ಲಿ ಮೂರು ಸಲ ‘ಡೂ’ ಅಥವಾ ‘ಡಿಡ್’ ಬಂದಿದ್ದರೆ ‘ಮಾಡು’ ಇನ್ನೂ ಹೋಗಿಲ್ಲ. ಮೂರನೇ ಹಂತಕ್ಕೆ ವಾಪಸ್ ಹೋಗಿ.

‘ಐ’ ಅಂದಮೇಲೆ ಉದ್ದದ ಮೌನ ಇದ್ದರೆ ಕ್ರಿಯಾಪದ ಹುಡುಕುತ್ತಿದ್ದೀರಿ ಅಂತ ಅರ್ಥ. ಇದು ಕೆಟ್ಟ ಸೂಚನೆ ಅಲ್ಲ, ಹಳೆಯ ಜೊತೆ ಬಿಟ್ಟಿದೆ, ಹೊಸದು ಇನ್ನೂ ಕೂತಿಲ್ಲ ಅಷ್ಟೇ. ಒಂದು ವಾರದಲ್ಲಿ ತಾನೇ ಕಡಿಮೆಯಾಗುತ್ತದೆ. ಈ ಮೌನಕ್ಕೆ ಹೆದರಿ ಬಿಟ್ಟವರನ್ನು ನೋಡಿ ನನಗೆ ನಿಜವಾಗಿ ಬೇಜಾರಾಗಿದೆ, ಯಾಕೆಂದರೆ ಅವರು ಕಲಿಯುವ ಸರಿಯಾದ ಜಾಗದಲ್ಲೇ ನಿಂತಿದ್ದರು.

ಹೊಸದಾಗಿ ಕಲಿತ ಜೋಡಿ ಎಲ್ಲ ಕಡೆ ಬರತೊಡಗಿದರೆ, ಅಂದರೆ ‘ಗೋ ಟ್ರೆಕ್ಕಿಂಗ್’ ಕಲಿತ ಮೇಲೆ ‘ಗೋ ಪೇಂಟಿಂಗ್’ ಕೂಡ ಬಂದರೆ, ನಿಯಮ ಹಿಡಿದಿದ್ದೀರಿ, ಜೋಡಿ ಹಿಡಿದಿಲ್ಲ. ಆ ಒಂದು ಪದವನ್ನು ನಿಘಂಟಿನಲ್ಲಿ ನೋಡಿ, ನಾಲ್ಕು ಉದಾಹರಣೆ ಜೋರಾಗಿ ಓದಿ.

ಪಟ್ಟಿ 60 ದಾಟಿದ್ದರೂ ಮಾತಿನಲ್ಲಿ ಹತ್ತೇ ಬರುತ್ತಿದ್ದರೆ ಹೊಸದು ಸೇರಿಸುವುದನ್ನು ನಿಲ್ಲಿಸಿ. ಆ ವಾರ ಹಳೆಯದನ್ನೇ ಹೇಳಿ.

ಮೂರು ವಾರ ಕಳೆದ ಮೇಲೆ ಮೊದಲ ಭಾನುವಾರದ ರೆಕಾರ್ಡಿಂಗ್ ತೆಗೆದು ಕೊನೆಯದರ ಪಕ್ಕದಲ್ಲಿಟ್ಟು ಕೇಳಿ. ಹೊಲಿಗೆ ಅಂಗಡಿಯ ಅಕ್ಕ ಹಾಗೆ ಕೇಳಿದ ದಿನ ಕೊನೆಯ ರೆಕಾರ್ಡಿಂಗ್‌ನಲ್ಲಿದ್ದದ್ದು ಇಷ್ಟು: ‘ಐ ಡ್ರೂ ಎ ರಂಗೋಲಿ, ವಾಟರ್ಡ್ ದ ಪ್ಲಾಂಟ್ಸ್, ಹ್ಯಾಡ್ ಎ ಶಾರ್ಟ್ ನ್ಯಾಪ್ ಆ್ಯಂಡ್ ಪ್ಲೇಡ್ ಕೇರಂ ವಿತ್ ಮೈ ಸನ್’. ನಡುವೆ ಒಂದೇ ಕಡೆ ತಡೆದಿದ್ದರು, ‘ವಾಟರ್ಡ್’ ಹತ್ತಿರ. ಕೆಂಪು ಪೆನ್ನು ತೆಗೆದುಕೊಂಡು ಆ ಒಂದು ಸಾಲಿನ ಮುಂದೆ ಮಾತ್ರ ಚುಕ್ಕಿ ಇಟ್ಟುಕೊಂಡು ಹೋದರು.